ವಾಲ್ವ್ ಆಪರೇಷನ್ ಆಯ್ತು, ಮನೆಗೆ ಬಂದ ಮೇಲೆ ಏನು ಮಾಡಬೇಕು?

ಚಿಕ್ಕಂದಿನ ಗಂಟಲು ನೋವು, ಅದರ ಬೆನ್ನಿಗೇ ಕೀಲು ಊದಿ ಜ್ವರ (ಇದೇ ರುಮ್ಯಾಟಿಕ್ ಜ್ವರ), ವರ್ಷಗಳಾದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ರುಮ್ಯಾಟಿಕ್ ಹೃದಯ ಕಾಯಿಲೆ ಬರುವುದು ಹೀಗೆ. ಹೆಚ್ಚಾಗಿ ಹಾಳಾಗುವುದು ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಕವಾಟ. ಅದನ್ನು ಬದಲಿಸಿದ ಮೇಲೆ ಎಷ್ಟೋ ಜನ, 'ಆಪರೇಷನ್ ಆಯ್ತಲ್ಲ, ಇನ್ನು ಮಾತ್ರೆ ಯಾಕೆ?' ಅನ್ನುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ.

ಮೊದಲು ಆಪರೇಷನ್‌ಗಾಗಿ ಸೀಳಿದ ಎದೆಮೂಳೆ ನೋಡಿಕೊಳ್ಳಿ. ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಪೂರ್ತಿ ಗಟ್ಟಿಯಾಗಲು ಸುಮಾರು 3 ತಿಂಗಳು. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಗೆ ಭಾರ ಕೊಡದೆ ನಿಧಾನವಾಗಿ ಏಳಿ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಿ. ತುಂಬಿದ ಕೊಡ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು, ಬೈಕ್ ಓಡಿಸುವುದು ಯಾವುದೂ ಈಗ ಬೇಡ. ಮನೆಯೊಳಗೇ ನಡೆಯಲು ಶುರುಮಾಡಿ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ.

ಮೊದಲ ಕೆಲವು ವಾರ ಊಟ ರುಚಿಸುವುದಿಲ್ಲ. ಭುಜ, ಬೆನ್ನು ನೋಯುತ್ತವೆ, ನಿದ್ದೆ ಕೆಡುತ್ತದೆ. ಕೆಲವರಿಗೆ ಸುಮ್ನೆ ಕೂತಲ್ಲೇ ಅಳು ಬರುತ್ತದೆ. ಇವೆಲ್ಲ ಸಾಮಾನ್ಯ, ಮನೆಯವರು 'ಧೈರ್ಯ ತಗೋ' ಎಂದು ಗದರಬಾರದು. ಮನಸ್ಸಿನ ಭಾರ ವಾರಗಟ್ಟಲೆ ಇಳಿಯದಿದ್ದರೆ ಡಾಕ್ಟರಿಗೆ ಹೇಳಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ, 1990ರಿಂದ ಬಳಕೆಯಲ್ಲಿರುವ ಚಿತ್ರಾ ವಾಲ್ವ್‌ನಂಥ ಲೋಹದ ವಾಲ್ವ್ ಹಾಕಿದ್ದರೆ ರಾತ್ರಿ ಟಿಕ್ ಟಿಕ್ ಕೇಳಿಸುತ್ತದೆ. ಅದು ವಾಲ್ವ್ ಮುಚ್ಚುವ ಸದ್ದು, ಹೆದರಬೇಡಿ. ಎದೆಮೂಳೆಯೇ ಅಲುಗಾಡಿ ಕಟಕಟ ಅಂದರೆ ಮಾತ್ರ ಆಸ್ಪತ್ರೆಗೆ ಹೋಗಿ.

ಎಲ್ಲಕ್ಕಿಂತ ಮುಖ್ಯ, ರಕ್ತ ತೆಳುವಾಗಿಸುವ ಮಾತ್ರೆ. ವಾರ್ಫರಿನ್ ಇರಲಿ, ಅಸಿಟ್ರೋಮ್ ಇರಲಿ, ಲೋಹದ ವಾಲ್ವ್ ಇದ್ದವರಿಗೆ ಇದು ಜೀವನಪೂರ್ತಿ. ದಿನಾ ಒಂದೇ ಹೊತ್ತಿಗೆ ನುಂಗಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮರೆತರೆ ಮರುದಿನ ಎರಡು ನುಂಗಬೇಡಿ. ಡೋಸ್ ಸರಿಯಿದೆಯೇ ಎಂದು ತಿಳಿಯುವುದು ಐಎನ್‌ಆರ್ ರಕ್ತ ಪರೀಕ್ಷೆಯಿಂದ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅದು ತೋರಿಸುತ್ತದೆ. ಲೋಹದ ಮೈಟ್ರಲ್ ವಾಲ್ವ್‌ಗೆ ಅದು ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಇಳಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಏರಿದರೆ ರಕ್ತಸ್ರಾವ. ಬೆಂಗಳೂರಿನ ಜಯದೇವಕ್ಕೆ ಪ್ರತಿ ಸಲ ಬಸ್ಸು ಹತ್ತಲಾಗದವರು ಹತ್ತಿರದ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ತಮ್ಮ ಡಾಕ್ಟರಿಗೆ ತಿಳಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

ಸೊಪ್ಪು ಈ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ, ಹಾಗಂತ ಪೂರ್ತಿ ಬಿಡಬೇಕಿಲ್ಲ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಏನೂ ಇಲ್ಲ ಎಂದಾದರೆ ಐಎನ್‌ಆರ್ ಏರುಪೇರಾಗುತ್ತದೆ. ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಿ. ಮೈಕೈ ನೋವಿಗೆ ಅಂಗಡಿಯ ಮಾತ್ರೆಯನ್ನಾಗಲಿ, ನಾಟಿ ಔಷಧಿಯನ್ನಾಗಲಿ ಕೇಳದೆ ತೆಗೆದುಕೊಳ್ಳಬೇಡಿ.

ಪೆನಿಸಿಲಿನ್ ಇಂಜೆಕ್ಷನ್ ಕೂಡ ನಿಲ್ಲಿಸುವಂತಿಲ್ಲ, ಹೆಚ್ಚಿನವರು ಮರೆಯುವುದು ಇದನ್ನೇ ಅಲ್ವಾ! ರುಮ್ಯಾಟಿಕ್ ಜ್ವರ ಮರುಕಳಿಸಿದರೆ ಉಳಿದ ವಾಲ್ವ್‌ಗಳೂ ಕೆಡುತ್ತವೆ. 3 ಅಥವಾ 4 ವಾರಕ್ಕೊಮ್ಮೆ, ಕನಿಷ್ಠ 40 ವರ್ಷ ವಯಸ್ಸಿನವರೆಗೆ, ಹಲವರಿಗೆ ಅದರಾಚೆಗೂ ಬೇಕು. ಹಲ್ಲು ಕೀಳಿಸುವ ಮೊದಲು ವಾಲ್ವ್ ಇದೆ ಎಂದು ಹೇಳಿ, ಬೇರೆ ಆಂಟಿಬಯೋಟಿಕ್ ಬೇಕಾಗುತ್ತದೆ.

ಮುಖ ಓರೆಯಾದರೆ, ಮಾತು ತೊದಲಿದರೆ, ಒಂದು ಕೈ ಬಲ ಕಳೆದುಕೊಂಡರೆ, ಟಿಕ್ ಸದ್ದು ಮಂದವಾಗಿ ಉಸಿರು ಕಟ್ಟಿದರೆ, ಮಲ ಕಪ್ಪಾದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ದಿನ ಬೆಳಗಾಗುವುದರೊಳಗೆ ತೂಕ ಒಂದು ಕಿಲೋ ಏರಿ ಕಾಲು ಊದಿದರೆ, ಜ್ವರ ಬಿಡದಿದ್ದರೆ, ಗಾಯ ಸೋರಿದರೆ ಅದೇ ದಿನ ಡಾಕ್ಟರನ್ನು ಕಾಣಿ.

ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮುಂಚೆಯೇ ಹೃದಯದ ಡಾಕ್ಟರನ್ನು ಭೇಟಿಯಾಗಬೇಕು. ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಮಗುವಿಗೆ ತೊಂದರೆ ಮಾಡಬಹುದು. ಹಾಗಂತ ತಾವಾಗಿಯೇ ಮಾತ್ರೆ ಬಿಟ್ಟರೆ ತಾಯಿಯ ಜೀವಕ್ಕೇ ಅಪಾಯ.