ಸಾವಿನ ಸುದ್ದಿಗೆ ಇಂಗ್ಲಿಷಿನಲ್ಲಿ ಎರಡು ಸಾಲು

ಮಂಗಳೂರು–ಉಡುಪಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಗೆ ಹೋಗಿ, ಮಾತಾಡದೆ ಅರ್ಧ ಗಂಟೆ ಕೂತು ಬಂದರೂ ನಡೆಯುತ್ತದೆ. ದುಬೈಯಲ್ಲಿರುವ ಮ್ಯಾನೇಜರನಿಗೋ, ಮಣಿಪಾಲದಲ್ಲಿ ಜೊತೆಗೆ ಓದುವ ಹೊರರಾಜ್ಯದ ಗೆಳತಿಗೋ ಸಂತಾಪವನ್ನು ಇಂಗ್ಲಿಷಿನಲ್ಲಿ ಬರೆದೇ ತಿಳಿಸಬೇಕು. ಕೈ ತಡವರಿಸುವುದು ಅಲ್ಲೇ.

ಮೊದಲ ಅನುಮಾನ ‘ಸಾರಿ’ಯ ಮೇಲೆ. ತಪ್ಪು ಮಾಡಿದವರ ಮಾತಲ್ಲವೇ ಅದು? ಅಲ್ಲ. ಅದರ ಹಳೆಯ ಅರ್ಥವೇ ನೋವು. ಹುಣ್ಣಿಗೆ ಹೇಳುವ ‘ಸೋರ್’ ಅದರ ನೆಂಟ. ‘ಐ ಆ್ಯಮ್ ಸೋ ಸಾರಿ ಅಬೌಟ್ ಯುವರ್ ಫಾದರ್’ ಎಂದು ಧೈರ್ಯವಾಗಿ ಬರೆಯಿರಿ. ‘ತುಂಬಾ ಬೇಜಾರಾಯಿತು’ ಎಂಬುದನ್ನು ‘ಐ ಫೀಲ್ ವೆರಿ ಬ್ಯಾಡ್’ ಎಂದು ತಿರುಗಿಸಿದರೆ ಮಾತ್ರ ನೀವೇ ಏನೋ ಮಾಡಿ ಪಶ್ಚಾತ್ತಾಪ ಪಡುವಂತೆ ಕೇಳಬಹುದು.

ಸಂತಾಪ ಹೇಳುವಾಗ ‘ಕಂಡೋಲೆನ್ಸಸ್’ ಎಂಬ ಬಹುವಚನವೇ ಸರಿ: ‘ಮೈ ಕಂಡೋಲೆನ್ಸಸ್ ಟು ಯು ಆ್ಯಂಡ್ ಯುವರ್ ಫ್ಯಾಮಿಲಿ’. ಏಕವಚನ ‘ಕಂಡೋಲೆನ್ಸ್ ಮೀಟಿಂಗ್’ನಂಥ ಜೋಡಿಪದಕ್ಕಿರಲಿ. ‘ಹಾರ್ಟ್‌ಫೆಲ್ಟ್’, ‘ಡೀಪೆಸ್ಟ್’, ‘ಸಿನ್ಸಿಯರ್’ ಮೂರರಲ್ಲಿ ಒಂದು ಸಾಕು. ಮೂರೂ ಸೇರಿದರೆ ಫ್ಲೆಕ್ಸ್ ಬ್ಯಾನರ್ ಆಗುತ್ತದೆ.

‘ಗ್ರೀಫ್’ ಕಳೆದುಕೊಂಡವರ ಒಳಗಿನ ಸಂಕಟ. ‘ಸಾರೋ’ ಇನ್ನೂ ಅಗಲದ ಮಾತು, ಸಾವೇ ಆಗಬೇಕೆಂದಿಲ್ಲ. ‘ಮಾರ್ನಿಂಗ್’ (mourning) ಎಂದರೆ ಹೊರಗೆ ಕಾಣುವ ಆಚರಣೆ, ನಮ್ಮ ಸೂತಕದ ದಿನಗಳ ಹಾಗೆ. ಉಚ್ಚಾರ ಬೆಳಗಿನ ‘ಮಾರ್ನಿಂಗ್’ (morning) ನದೇ, ಸ್ಪೆಲ್ಲಿಂಗಿನಲ್ಲಿ ಒಂದು ‘ಯು’ ಹೆಚ್ಚು. ಆ ಅಕ್ಷರ ತಪ್ಪಿದರೆ ದುಃಖ ಹೋಗಿ ಶುಭೋದಯ ಉಳಿಯುತ್ತದೆ. ‘ಬಿರೀವ್ಡ್ ಫ್ಯಾಮಿಲಿ’ (ತಮ್ಮವರನ್ನು ಕಳೆದುಕೊಂಡ ಕುಟುಂಬ) ಪತ್ರಿಕೆಯ ಪ್ರಕಟಣೆಗೆ, ಸಂಘದ ನಿರ್ಣಯಕ್ಕೆ ಸರಿ. ಗೆಳೆಯನ ಮುಖಕ್ಕೇ ಹೇಳುವ ಮಾತಲ್ಲ. ‘ಡಿಮೈಸ್’ (ನಿಧನ) ಕೂಡ ಹಾಗೆಯೇ.

ತೀರಿಕೊಂಡರು ಎನ್ನಲು ‘ಪಾಸ್ಡ್ ಅವೇ’ ಎಲ್ಲ ಕಡೆಗೂ ಆಗುತ್ತದೆ. ‘ಪಾಸ್ಡ್ ಔಟ್’ ಎಂದರೆ ಪ್ರಜ್ಞೆ ತಪ್ಪಿತು ಎಂದಾಯಿತು, ಇಲ್ಲವೇ ಅಜ್ಜ ಡಿಗ್ರಿ ಮುಗಿಸಿದರು ಎಂದಾಯಿತು! ರಜೆ ಅರ್ಜಿಗಳಲ್ಲಿ ನಾವು ಬರೆಯುವ ‘ಎಕ್ಸ್‌ಪೈರ್ಡ್’ ಇಲ್ಲಿ ಚಲಾವಣೆಯಲ್ಲಿದೆ, ಆದರೆ ಹೊರದೇಶದವರಿಗೆ ಮಾತ್ರೆಯ ಸ್ಟ್ರಿಪ್ ನೆನಪಾಗುತ್ತದೆ. ‘ಯೆಸ್ಟರ್‌ಡೇ’ ಬಂದರೆ ‘ಹ್ಯಾಸ್’ ಬಿಡಿ: ‘ಹೀ ಪಾಸ್ಡ್ ಅವೇ ಯೆಸ್ಟರ್‌ಡೇ’.

‘ಆರ್.ಐ.ಪಿ.’ (ರೆಸ್ಟ್ ಇನ್ ಪೀಸ್) ಹುಟ್ಟಿದ್ದು ಕ್ರೈಸ್ತರ ಲ್ಯಾಟಿನ್ ಪ್ರಾರ್ಥನೆಯಿಂದ. ಹಿಂದೂ ಮನೆಗೆ ‘ಓಂ ಶಾಂತಿ’ ಎನ್ನುವುದು ರೂಢಿ. ಮನೆಯವರ ನಂಬಿಕೆ ಗೊತ್ತಿಲ್ಲದಾಗ ‘ಥಿಂಕಿಂಗ್ ಆಫ್ ಯು ಆಲ್’ ಎಲ್ಲರಿಗೂ ಸಲ್ಲುತ್ತದೆ. ಯಾರ ಮನೆಗಾದರೂ ಬರೀ ಮೂರಕ್ಷರ ಕಳಿಸುವುದು ಹಾಜರಿ ಹಾಕಿದ ಹಾಗೆ.

ಆಪ್ತರಿಗೆ ಬರೆಯುವಾಗ ಸಂತಾಪದ ಸಾಲಾದ ಮೇಲೆ ತೀರಿಕೊಂಡವರ ಬಗ್ಗೆ ನಿಮಗೆ ನಿಜಕ್ಕೂ ನೆನಪಿರುವ ಒಂದು ಸಂಗತಿ ಸೇರಿಸಿ: ‘ಯುವರ್ ಮದರ್ ನೆವರ್ ಲೆಟ್ ಅಸ್ ಲೀವ್ ವಿದೌಟ್ ಈಟಿಂಗ್’. ಇಂಥ ಸಾಲನ್ನು ಜನ ಮತ್ತೆ ಮತ್ತೆ ಓದುತ್ತಾರೆ. ಆಮೇಲೆ ನೆರವಿನ ಮಾತು. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯೋಚಿಸುವ ಕೆಲಸವೂ ಅವರ ತಲೆಗೇ. ‘ಐ ಕ್ಯಾನ್ ಪಿಕ್ ಅಪ್ ಯುವರ್ ಬ್ರದರ್ ಫ್ರಮ್ ದಿ ಏರ್‌ಪೋರ್ಟ್’ ಎಂದರೆ ಅವರು ಹೂಂ ಅಂದರಾಯಿತು. ‘ಅಟ್ ಲೀಸ್ಟ್’ ಎಂದು ಶುರುವಾಗುವ ಸಮಾಧಾನ ಬೇಡವೇ ಬೇಡ. ತೊಂಬತ್ತು ದಾಟಿದವರಾದರೂ ಅಮ್ಮ ಅಮ್ಮನೇ.

ನಿಮ್ಮದೇ ಮನೆಯ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ರಜೆ ಕೇಳುವಾಗ ‘ಫಂಕ್ಷನ್’ ಎನ್ನಬೇಡಿ, ಹೊರಗಿನ ಮ್ಯಾನೇಜರ್ ಪಾರ್ಟಿ ಎಂದುಕೊಂಡಾನು. ‘ದಿ ಥರ್ಟೀನ್ತ್-ಡೇ ರೈಟ್ಸ್ ಫಾರ್ ಮೈ ಗ್ರ್ಯಾಂಡ್‌ಫಾದರ್ ಆರ್ ಆನ್ ಫ್ರೈಡೇ. ಐ ವಿಲ್ ಬಿ ಬ್ಯಾಕ್ ಆನ್ ಮಂಡೇ’ ಎಂದು ಬರೆಯಿರಿ. ನಿಮ್ಮಲ್ಲಿ ಬೇರೆ ದಿನವಾದರೆ ಆ ಸಂಖ್ಯೆ ಹಾಕಿ. ಕಾಯಿಲೆಯ ವಿವರ, ಆಸ್ಪತ್ರೆಯ ಕಥೆ ಆ ಮೇಲ್‌ಗೆ ಬೇಕಾಗಿಲ್ಲ.