ಸ್ನಾನ ಆಗದ ದಿನ ಕಾಲಷ್ಟೇ ತೊಳೆಯಿರಿ
ಖಿನ್ನತೆಯಲ್ಲಿ ಸ್ನಾನವೇ ಬೆಟ್ಟದಷ್ಟಾದಾಗ, ಬಚ್ಚಲಲ್ಲಿ ಸ್ಟೂಲ್ ಹಾಕಿ ಕೂತು ಎರಡು ಚೊಂಬು ಬಿಸಿನೀರು ಕಾಲಿಗೆ ಹಾಕಿಕೊಳ್ಳಿ, ಸಾಕು. ಟವೆಲ್, ಒಗೆದ ಬಟ್ಟೆ ಹಿಂದಿನ ರಾತ್ರಿಯೇ ಅಲ್ಲಿರಲಿ. ಹುಡುಕುವಷ್ಟರಲ್ಲೇ ಮನಸ್ಸು ಮತ್ತೆ ಹಾಸಿಗೆ ಕಡೆ ಎಳೆಯುತ್ತದೆ. ಹೊತ್ತನ್ನೂ ಗೊತ್ತು ಮಾಡಿಕೊಳ್ಳಿ, ಕಾಫಿ ಕುಡಿದ ಕೂಡಲೇ ಅಂತ. ಮನಸ್ಸು ಬರಲಿ ಎಂದು ಕಾದರೆ ಈ ಕಾಯಿಲೆಯಲ್ಲಿ ಅದು ಬರುವುದೇ ಕಷ್ಟ. ಕೆಲಸ ಶುರುವಾದ ಮೇಲೆ ಹುಮ್ಮಸ್ಸು ಚೂರುಪಾರು ಹಿಂದೆ ಬರುತ್ತದೆ. ಕೆಲವು ಸಲ ಪೂರ್ತಿ ಸ್ನಾನವೇ ಆಗಿಬಿಡಬಹುದು, ಆಗದಿದ್ದರೂ ಲೆಕ್ಕಕ್ಕೆ ಬಂತು. (ಮನೆಯವರು ‘ಇಷ್ಟೇನಾ?’ ಅನ್ನದಿದ್ದರೆ ದೊಡ್ಡ ಉಪಕಾರ.) ಎರಡು ವಾರದಿಂದ ನಿದ್ದೆ, ಊಟ ಕೆಟ್ಟಿದ್ದರೆ ಈ ಉಪಾಯ ಸಾಲದು, ವೈದ್ಯರನ್ನು ಕಾಣಿ, ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಸಾಯುವ ಯೋಚನೆ ಬಂದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.