ಮನೆಯೊಳಗಿನ ನಿಂಬೆ ಗಿಡಕ್ಕೆ ಹುಳ ಬಿದ್ರೆ ಏನ್ ಮಾಡ್ಬೇಕು

ಹೋದ ಚಳಿಗಾಲ ನಮ್ಮನೆ ಮೇಯರ್ ತಳಿಯ ನಿಂಬೆ ಗಿಡದ ಕೆಳಗೆ ನೆಲ ಕಾಲಿಗೆ ಅಂಟ್ತಿತ್ತು. ಮಗ ಜ್ಯೂಸ್ ಚೆಲ್ಲಿರ್ಬೇಕು ಅಂತ ಎರಡು ದಿನ ಒರೆಸಿದೆ, ಮೂರನೇ ದಿನಾನೂ ಅಂಟು. ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಎಲೆ ತಿರುಗಿಸಿ ನೋಡಿದ್ರೆ ನಡುನರದ ಉದ್ದಕ್ಕೂ ಕಂದು ಬಣ್ಣದ ಚಪ್ಪಟೆ ಚುಕ್ಕೆಗಳು, ಎಳ್ಳಿನ ಗಾತ್ರ. ನೋಡೋಕೆ ಗಿಡದ್ದೇ ಗಂಟು ಅನ್ಸತ್ತೆ, ಉಗುರಲ್ಲಿ ಕೆರೆದ್ರೆ ಸಿಪ್ಪೆ ಥರ ಎದ್ದು ಬರತ್ತೆ, ಕೆಳಗೆ ಹಸಿ ಹಸಿ ಇರತ್ತೆ. ಅದೇ ಚಿಪ್ಪು ಕೀಟ, ಇಲ್ಲಿ ಅಮೆರಿಕದಲ್ಲಿ ಸ್ಕೇಲ್ ಅಂತಾರೆ. ಗಿಡದ ರಸ ಹೀರಿ ಹೆಚ್ಚಾಗಿದ್ದನ್ನ ಪಾಕದ ಥರ ಹೊರಗೆ ಬಿಡತ್ತೆ, ನೆಲಕ್ಕೆ ಬಿದ್ದಿದ್ದು ಅದು.

ಊರಲ್ಲಿ ಹಿತ್ತಲ ನಿಂಬೆ ಗಿಡಕ್ಕೂ ಇವೆಲ್ಲ ಬರ್ತಿತ್ತು, ಆದ್ರೆ ಮಳೆ ತೊಳೀತಿತ್ತು, ಗುಲಗಂಜಿ ಹುಳ ತಿಂದುಬಿಡ್ತಿತ್ತು. ಇಲ್ಲಿ ಮಿನೆಸೋಟದಲ್ಲಿ ಅಕ್ಟೋಬರಿಂದ ಏಪ್ರಿಲ್‌ವರೆಗೂ ಗಿಡ ಒಳಗೇ ಇರ್ಬೇಕು, ಮಳೆ ಇಲ್ಲ, ತಿನ್ನೋ ಹುಳ ಇಲ್ಲ, ಹೀಟರಿನ ಒಣ ಗಾಳಿ ಬೇರೆ. ಹಾಗಾಗಿ ಆ ಎರಡೂ ಕೆಲಸ ನಾವೇ ಮಾಡ್ಬೇಕು.

ಮೊದ್ಲು ಯಾವ ಹುಳ ಅಂತ ಗೊತ್ತಾಗ್ಲಿ. ಎಲೆ ತೊಟ್ಟಿನ ಸಂದಿಲಿ ಹತ್ತಿ ಇಟ್ಟ ಹಾಗೆ ಬಿಳೀದು ಕಂಡ್ರೆ ಹಿಟ್ಟು ತಿಗಣೆ, ಅದು ಕುಂಡದ ಅಂಚಿನ ಕೆಳಗೂ ಕೂತಿರತ್ತೆ, ಅಲ್ಲೂ ನೋಡಿ. ಎಳೆ ಚಿಗುರಲ್ಲಿ ಗುಂಪಾಗಿ ಹಸಿರು ಅಥವಾ ಕಪ್ಪು ಪುಟ್ಟ ಹುಳ ಇದ್ರೆ ಗಿಡದ ಹೇನು. ಗಿಡ ಅಲ್ಲಾಡಿಸಿದಾಗ ಬೂದಿ ಹಾರಿದ ಹಾಗೆ ಎದ್ರೆ ಬಿಳಿ ನೊಣ. ಕಷ್ಟ ಇರೋದು ನುಸಿನ (ಇಂಗ್ಲಿಷಲ್ಲಿ ಮೈಟ್) ಪತ್ತೆ ಹಚ್ಚೋದು, ಅದು ಕಣ್ಣಿಗೇ ಸರಿಯಾಗಿ ಕಾಣಲ್ಲ, ಎಲೆ ಮಾತ್ರ ಸೂಜಿ ಚುಚ್ಚಿದ ಹಾಗೆ ಚುಕ್ಕೆ ಚುಕ್ಕೆಯಾಗಿ ಮಂಕಾಗತ್ತೆ. ಒಂದು ಬಿಳಿ ಹಾಳೆ ಕೆಳಗೆ ಹಿಡಿದು ಕೊಂಬೆ ತಟ್ಟಿ, ಬಿದ್ದ ಧೂಳಲ್ಲಿ ಒಂದೆರಡು ಕಣ ನಡೆಯೋಕೆ ಶುರು ಮಾಡಿದ್ರೆ ನುಸಿ ಅಂತ ಅರ್ಥ.

ಔಷಧಿಗಿಂತ ಮುಂಚೆ ನೀರು. ಕುಂಡದ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಗಿಡಾನ ಬಾತ್‌ಟಬ್‌ಗೆ ತಂದು, ಶವರಲ್ಲಿ ಉಗುರುಬೆಚ್ಚಗಿನ ನೀರು ಎಲೆ ಅಡಿಯಿಂದ ಜೋರಾಗಿ ಬಿಡಿ. ಹೇನು, ನುಸಿ ಅರ್ಧಕ್ಕರ್ಧ ಇಲ್ಲೇ ಹೋಗತ್ತೆ. ಚಿಪ್ಪು ಕೀಟ, ಹಿಟ್ಟು ತಿಗಣೆ ನೀರಿಗೆ ಜಗ್ಗಲ್ಲ, ಅದಕ್ಕೆ ಫಾರ್ಮಸಿಲಿ ಸಿಗೋ 70% ರಬಿಂಗ್ ಆಲ್ಕೋಹಾಲಲ್ಲಿ ಕಿವಿ ಕಡ್ಡಿ ಅದ್ದಿ ಒಂದೊಂದನ್ನೇ ಮುಟ್ಟಿ, ದಪ್ಪ ಕಾಂಡದ ಮೇಲಿರೋದನ್ನ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ನನಗೆ ನಾಲ್ಕಡಿ ಗಿಡಕ್ಕೆ ಒಂದೂವರೆ ಗಂಟೆ ಹಿಡೀತು, ಬೇಜಾರಿನ ಕೆಲಸ ನಿಜ, ಆದ್ರೆ ಬೆಳೆದ ಚಿಪ್ಪಿನ ಒಳಗೆ ಸೋಪು ನೀರು ಹೋಗೋದೇ ಇಲ್ಲ, ಕೈಯಲ್ಲಿ ತೆಗೀಲೇಬೇಕು.

ಆಮೇಲೆ ಸ್ಪ್ರೇ. ಅಂಗಡಿಲಿ ಸಿಗೋ ಇನ್ಸೆಕ್ಟಿಸೈಡಲ್ ಸೋಪೇ ಒಳ್ಳೇದು, ಪಾತ್ರೆ ತೊಳೆಯೋ ಡಿಟರ್ಜೆಂಟ್ ಕೆಲವು ಸಲ ಎಲೆ ಸುಡತ್ತೆ. ಬೇವಿನ ಎಣ್ಣೆ ಆದ್ರೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಎಂಎಲ್ ಎಣ್ಣೆ, ಬೆರೆಯೋಕೆ 1–2 ಎಂಎಲ್ ಲಿಕ್ವಿಡ್ ಸೋಪು, ಚೆನ್ನಾಗಿ ಕುಲುಕಿ ಅವತ್ತೇ ಖಾಲಿ ಮಾಡಿ. ಮೊದ್ಲು ಒಂದೆರಡು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಬಿಸಿಲಲ್ಲಿ, ಗ್ರೋ ಲೈಟ್ ಕೆಳಗೆ, ಮಣ್ಣು ಒಣಗಿ ಗಿಡ ಬಾಡಿದಾಗ ಹೊಡೀಬೇಡಿ. ಸೋಪು ಹಸಿಯಾಗಿ ಹುಳದ ಮೈಗೆ ತಾಗಿದ್ರೆ ಮಾತ್ರ ಕೆಲಸ ಮಾಡೋದು, ಒಣಗಿದ ಮೇಲೆ ಅದರಿಂದ ಏನೂ ಇಲ್ಲ, ಅದಕ್ಕೇ ಎಲೆ ಅಡಿ ತೊಟ್ಟಿಕ್ಕೋ ಹಾಗೆ ಹೊಡೀಬೇಕು.

ಎಲ್ಲರೂ ಸೋಲೋದು ಇಲ್ಲೇ, ನಾನೂ ಮೊದಲನೇ ವರ್ಷ ಸೋತಿದ್ದು ಇಲ್ಲೇ. ಒಂದು ಸಲ ಹೊಡೆದೆ, ಗಿಡ ಚೊಕ್ಕ ಆಯ್ತು, ಮರೆತೆ, ಮೂರು ವಾರಕ್ಕೆ ಮತ್ತೆ ಅಷ್ಟೇ ಹುಳ. ಸೋಪಿಗೆ ಮೊಟ್ಟೆಗಳು ಅಷ್ಟಾಗಿ ಸಾಯಲ್ಲ, ಹಿಟ್ಟು ತಿಗಣೆಯ ಒಂದೊಂದು ಹತ್ತಿ ಗೂಡಲ್ಲಿ ನೂರಾರು ಮೊಟ್ಟೆ ಇರತ್ತೆ, ಮನೆ ಬೆಚ್ಚಗಿದ್ರೆ ನುಸಿ ಮೊಟ್ಟೆಯಿಂದ ದೊಡ್ಡದಾಗೋಕೆ ಒಂದೆರಡು ವಾರ ಸಾಕು. ಹಾಗಾಗಿ ಮರಿ ಹೊರಗೆ ಬಂದು ಮತ್ತೆ ಮೊಟ್ಟೆ ಇಡೋದರೊಳಗೆ ಹೊಡೀಬೇಕು. ನುಸಿಗೆ 5 ದಿನಕ್ಕೊಮ್ಮೆ ಮೂರು ಸಲ, ಚಿಪ್ಪು ಕೀಟ ಹಿಟ್ಟು ತಿಗಣೆಗೆ 7 ದಿನಕ್ಕೊಮ್ಮೆ ಕಡಿಮೆ ಅಂದ್ರೂ ನಾಲ್ಕು ಸಲ, ಫೋನಲ್ಲಿ ರಿಮೈಂಡರ್ ಇಡಿ. ಗಿಡ ಚೆನ್ನಾಗಿ ಕಾಣ್ತಿದೆ ಅಂತ ಮಧ್ಯದಲ್ಲಿ ನಿಲ್ಲಿಸ್ಬೇಡಿ ಪ್ಲೀಸ್.

ಮಣ್ಣಿಗೆ ಹಾಕೋ ಸಿಸ್ಟಮಿಕ್ ಕೀಟನಾಶಕ ಹರಳು ಬಗ್ಗೆ ತುಂಬಾ ಜನ ಕೇಳ್ತಾರೆ. ಮನೆ ಅಲಂಕಾರದ ಗಿಡಕ್ಕೆ ಅಂತ ಮಾರೋದನ್ನ ತಿನ್ನೋ ಹಣ್ಣಿನ ಗಿಡಕ್ಕೆ ಹಾಕ್ಲೇಬೇಡಿ, ಅದು ರಸದ ಜೊತೆ ಗಿಡದೊಳಗೇ ಹೋಗತ್ತೆ. ಲೇಬಲ್ ಓದಿ. ಇನ್ನು ಒಳಗೆ ತಂದ ಹೊಸದ್ರಲ್ಲಿ ಎಲೆ ಉದುರಿದ್ರೆ ಹುಳಾನೇ ಅಂತ ಸ್ಪ್ರೇ ಹಿಡೀಬೇಡಿ, ಬೆಳಕು ಕಮ್ಮಿಯಾದ್ರೂ ಉದುರತ್ತೆ.

ನಮ್ಮವರ ಮನೇಲಿ ನಿಂಬೆ ಪಕ್ಕದಲ್ಲಿ ಕರಿಬೇವು ಇದ್ದೇ ಇರತ್ತೆ. ಎರಡೂ ಒಂದೇ ಕುಟುಂಬದ ಗಿಡಗಳು, ಒಂದಕ್ಕೆ ಚಿಪ್ಪು ಕೀಟ ಬಂದ್ರೆ ಇನ್ನೊಂದನ್ನೂ ಅವತ್ತೇ ನೋಡಿ, ದೂರ ಇಡಿ. ಊರಿಂದ ಬರುವಾಗ ಕರಿಬೇವಿನ ಕಡ್ಡಿ, ಹಸಿ ಎಲೆ ಸೂಟ್‌ಕೇಸಲ್ಲಿ ತರೋದು ಬೇಡವೇ ಬೇಡ. ಅದರ ಮೇಲೆ ಕೂತು ಬರೋ ಸಿಲ್ಲಿಡ್ ಅನ್ನೋ ಹುಳ ನಿಂಬೆ ಕಿತ್ತಳೆ ಗಿಡಗಳಿಗೆ ಬರೋ ಸಿಟ್ರಸ್ ಗ್ರೀನಿಂಗ್ ರೋಗ ಹರಡತ್ತೆ, ಫ್ಲೋರಿಡಾದಲ್ಲಿ ಹುಳ 1998ರಲ್ಲಿ, ರೋಗ 2005ರಲ್ಲಿ ಸಿಕ್ತು, ಅಲ್ಲಿನ ಕಿತ್ತಳೆ ತೋಟಗಳು ಇವತ್ತಿಗೂ ಚೇತರಿಸಿಕೊಂಡಿಲ್ಲ, ಆ ರೋಗಕ್ಕೆ ಮದ್ದಿಲ್ಲ.

ಬೇಸಿಗೆಲಿ ಗಿಡ ಹೊರಗಿಟ್ಟಿದ್ರೆ ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯೋ ಮುಂಚೆ ತೊಳೆದು, ಒಂದು ಸಲ ಸೋಪು ಹೊಡೆದು, ಒಳಗೆ ಬೇರೆ ಗಿಡಗಳಿಂದ ದೂರ ಎರಡು ಮೂರು ವಾರ ಇಡಿ. ಮತ್ತೆ ಆ ಅಂಟಿನ ಮೇಲೆ ಬೆಳೆಯೋ ಕಪ್ಪು ಮಸಿ ನೋಡಿ ಹಣ್ಣು ಎಸೀಬೇಡಿ, ಅದು ಸಿಪ್ಪೆ ಮೇಲಷ್ಟೇ ಇರೋದು, ಒದ್ದೆ ಬಟ್ಟೆಲಿ ಉಜ್ಜಿದ್ರೆ ಹೋಗತ್ತೆ, ಚಿತ್ರಾನ್ನಕ್ಕೆ ಧಾರಾಳವಾಗಿ ಹಿಂಡ್ಕೋಬಹುದು.